ಯಕೃತ್ತಿನ ಷಡ್ಜ

ಯಕೃತ್ತಿನ ಜೀವಕೋಶವನ್ನು ಕರೆದರೆ ಅದು ಓಗೊಡುತ್ತದೆ. ಅಲಂಕಾರಕ್ಕಾಗಿ ಹೇಳುತ್ತಿಲ್ಲ. ರಕ್ತದಲ್ಲಿ ತೇಲಿ ಬಂದ ಹಾರ್ಮೋನಿನ ಕಣವೊಂದು ಕೋಶದ ಹೊರಗೋಡೆಗೆ ತಾಗಿದರೆ, ಒಳಗಿನ ಉಗ್ರಾಣದ ಬಾಗಿಲು ತೆರೆದು ಕ್ಯಾಲ್ಸಿಯಂ ಉಕ್ಕುತ್ತದೆ, ತುಸು ಹೊತ್ತಿಗೆ ಇಳಿಯುತ್ತದೆ, ಮತ್ತೆ ಉಕ್ಕುತ್ತದೆ. ಆ ಉಕ್ಕು ಪಕ್ಕದ ಕೋಶಕ್ಕೆ, ಅಲ್ಲಿಂದ ಅದರ ಪಕ್ಕಕ್ಕೆ, ಕೇರಿಯಲ್ಲಿ ಸುದ್ದಿ ಮನೆಯಿಂದ ಮನೆಗೆ ದಾಟುವಂತೆ ದಾಟುತ್ತ ಹೋಗುತ್ತದೆ. ಸಕ್ಕರೆ ಬಿಡು, ಪಿತ್ತ ಸುರಿಸು, ಗಾಯವಾಗಿದೆ, ಒಂದಿದ್ದದ್ದು ಎರಡಾಗು, ಹೀಗೆ ಎಲ್ಲ ಅಪ್ಪಣೆಗಳೂ ಆ ಏರಿಳಿತದ ಲಯದಲ್ಲೇ ಇರುತ್ತವೆ. ಆ ಲಯವನ್ನು ಕಿವಿಗೆ ಕೇಳಿಸುವ ಯಂತ್ರ ಬಂದು ಎಂಟು ವರ್ಷವಾಯಿತು. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ನಮ್ಮ ಕೇಂದ್ರದಲ್ಲಿ ಎಲ್ಲರೂ ಅದನ್ನು ಕೇಳುಪೆಟ್ಟಿಗೆ ಎನ್ನುತ್ತೇವೆ.

ಕೇಂದ್ರ ಇರುವುದು ತಿಪಟೂರಿನಲ್ಲಿ, ಹಿಂದೆ ಕೊಬ್ಬರಿ ತುಂಬುತ್ತಿದ್ದ ಗೋದಾಮಿನಲ್ಲಿ. ಮೂರು ಸಲ ಬಣ್ಣ ಹೊಡೆಸಿದರೂ ಬಿಸಿಲೇರಿದಾಗ ಗೋಡೆಗಳು ಕೊಬ್ಬರಿಯ ವಾಸನೆ ಬಿಡುತ್ತವೆ. ಯಕೃತ್ತಿನಿಂದ ಸೂಜಿಯಲ್ಲಿ ತೆಗೆದ ತುಣುಕು, ಹೊಲಿಗೆ ದಾರದಷ್ಟು ದಪ್ಪ, ಅಕ್ಕಿಕಾಳಿನ ಎರಡರಷ್ಟು ಉದ್ದ, ಬೆಚ್ಚಗಿನ ಪೋಷಕ ದ್ರವದಲ್ಲಿ ಜೀವಂತವಾಗಿ ನಮ್ಮಲ್ಲಿಗೆ ಬರುತ್ತದೆ. ಅದಕ್ಕೊಂದು ಬಣ್ಣ ಕುಡಿಸುತ್ತೇವೆ. ಕ್ಯಾಲ್ಸಿಯಂ ಉಕ್ಕಿದಾಗ ಆ ಬಣ್ಣ ಮಿನುಗುತ್ತದೆ. ಕ್ಯಾಮೆರಾ ಮಿನುಗನ್ನು ನೋಡುತ್ತದೆ, ಪೆಟ್ಟಿಗೆ ಮಿನುಗಿಗೊಂದು ಸ್ವರ ಕೊಡುತ್ತದೆ. ಹಾರ್ಮೋನಿನ ಒಂದು ಹನಿ ಬಿಟ್ಟು ಕರೆಯುತ್ತೇವೆ. ಒಂದು ಗಂಟೆಯ ಉತ್ತರವನ್ನು ನಾಲ್ಕು ನಿಮಿಷಕ್ಕೆ ಇಳಿಸಿ ಕೇಳುತ್ತೇವೆ.

ಇಷ್ಟೆಲ್ಲ ಯಾಕೆಂದರೆ, ಕಾಮಾಲೆಯ ವೈರಸ್ಸುಗಳಲ್ಲಿ ಮೂಕ ತಳಿಯೊಂದಿದೆ. ಅದು ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಮಾತ್ರ ದಾಟುತ್ತದೆ. ರಕ್ತಕ್ಕೆ ತನ್ನ ಮರಿಗಳನ್ನು ಬಿಡುವುದಿಲ್ಲ, ಹಾಗಾಗಿ ರಕ್ತಪರೀಕ್ಷೆಗೆ ಸಿಗುವುದಿಲ್ಲ. ವಂಶವಾಹಿಯ ಅಕ್ಷರಗಳನ್ನು ಪದೇಪದೇ ಬದಲಿಸಿಕೊಳ್ಳುವುದರಿಂದ ಆ ಪರೀಕ್ಷೆಗೂ ಬಹುತೇಕ ತಪ್ಪಿಸಿಕೊಳ್ಳುತ್ತದೆ. ಹೆಸರು ಬದಲಿಸುತ್ತದೆ, ಕಸುಬು ಬದಲಿಸುವುದಿಲ್ಲ. ಕಸುಬೆಂದರೆ ಕೋಶಗಳ ಮಾತು ಕೆಡಿಸುವುದು. ಸೋಂಕಿದ ಕೋಶಗಳು ನೆರೆಯವರ ಲಯಕ್ಕೆ ಸೇರದೆ ಅಪಸ್ವರ ನುಡಿಯುತ್ತವೆ. ಯಾರಾದರೂ ತಮ್ಮ ಯಕೃತ್ತಿನ ಭಾಗವನ್ನು ಇನ್ನೊಬ್ಬರಿಗೆ ಕೊಡುವ ಮುಂಚೆ ನಾವು ಕೇಳಿ 'ಶುದ್ಧ' ಎಂದು ಬರೆಯಬೇಕು. ಹಾಗೆ ಬರೆಯುವ ಕೇಳುಗರಲ್ಲಿ ನಾನೊಬ್ಬಳು, ವಸುಮತಿ. ಗಮಕಿಯೊಬ್ಬರ ಮಗಳು. ಭಜನೆಯವರು, ತಬಲದವರು, ನಮ್ಮಂಥವರನ್ನೇ ಆರಿಸಿ ತೆಗೆದುಕೊಂಡಿದ್ದರು.

ಮೊದಮೊದಲು ಕೆಲಸ ಕಷ್ಟವಾಗಿತ್ತು. ಒಂದೊಂದು ತುಣುಕು ಒಂದೊಂದು ಎತ್ತರದಲ್ಲಿ ನುಡಿಯುತ್ತಿತ್ತು. ಒಂದು ಹೆಚ್ಚು ಬಣ್ಣ ಕುಡಿದಿರುತ್ತಿತ್ತು, ಇನ್ನೊಂದು ಕಡಿಮೆ. ಆಗ ನಾನು ಒಂದು ಸಲಹೆ ಕೊಟ್ಟೆ. ಕಾವ್ಯ ಓದುವಾಗ ಶ್ರುತಿ ಓದುವವರದು. ಅವರ ಕಂಠ ಎಲ್ಲಿದೆಯೋ ಅಲ್ಲಿಗೆ ಶ್ರುತಿಪೆಟ್ಟಿಗೆಯನ್ನು ಹೊಂದಿಸುತ್ತೇವೆ, ಕೇಳುವವನು ತನ್ನ ಶ್ರುತಿಯನ್ನು ಹೊತ್ತು ತರುವುದಿಲ್ಲ. ಹಾಗೆಯೇ ಪ್ರತಿ ತುಣುಕು ಸುಮ್ಮನಿರುವಾಗಿನ ಅದರದೇ ಮಟ್ಟವನ್ನು ಷಡ್ಜವೆಂದು ಹಿಡಿದು, ಅದರ ಮೇಲೆ ಉಳಿದದ್ದನ್ನು ಕೇಳಬಹುದಲ್ಲ. ಹಾಗೆ ಮಾಡಿದ ಮೇಲೆ ಅಪಸ್ವರಗಳು ಕನ್ನಡಿಯಲ್ಲಿ ಕಂಡಂತೆ ಕಂಡವು. ರಾಜ್ಯದ ಉಳಿದ ಕೇಂದ್ರಗಳೂ ಅದನ್ನು ಒಪ್ಪಿಕೊಂಡವು. ಕೈಪಿಡಿಯಲ್ಲಿ ಅದಕ್ಕೆ 'ವಸುಮತಿ ಕ್ರಮ' ಎಂದೇ ಹೆಸರು ಬಿತ್ತು. ಆರು ವರ್ಷ ಆ ಹೆಸರು ನೋಡಿದಾಗಲೆಲ್ಲ ನನಗೆ ಒಳಗೊಳಗೇ ಸುಖವಾಗುತ್ತಿತ್ತು.

ಆ ಮಂಗಳವಾರ ನಾನು ದಾಕ್ಷಾಯಿಣಿಯ ಯಕೃತ್ತನ್ನು ಕೇಳಿ, ಶುದ್ಧ ಎಂದು ಬರೆದೆ.

ದಾಕ್ಷಾಯಿಣಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಅವಳ ಅಪ್ಪ ಗುರುಸಿದ್ಧಪ್ಪ ಮೇಷ್ಟ್ರು ನನ್ನ ಅಪ್ಪ ಶ್ರೀಕಂಠಯ್ಯನವರ ಜೊತೆ ಮೂವತ್ತು ವರ್ಷ ವೇದಿಕೆ ಹಂಚಿಕೊಂಡವರು. ಅಪ್ಪ ಪದ್ಯ ಓದುತ್ತಿದ್ದರು, ಮೇಷ್ಟ್ರು ಅರ್ಥ ಹೇಳುತ್ತಿದ್ದರು. ಹೆಂಡ ಮುಟ್ಟದ ಮನುಷ್ಯನಿಗೆ ಯಕೃತ್ತು ಕೆಟ್ಟಿತ್ತು. ದೇಹದ ಕಾವಲುಗಾರರೇ ಪಿತ್ತನಾಳಗಳನ್ನು ಕಡಿದುಹಾಕುವ ರೋಗ. ಬೇರೆ ಯಕೃತ್ತು ಸಿಗದಿದ್ದರೆ ಹೆಚ್ಚೆಂದರೆ ಮೂರು ತಿಂಗಳು ಎಂದಿದ್ದರು. ಮಗಳು ತನ್ನದರಲ್ಲಿ ಅರ್ಧ ಕೊಡಲು ಒಪ್ಪಿದ್ದಳು. ಶಸ್ತ್ರಚಿಕಿತ್ಸೆಗೆ ಒಂಬತ್ತು ದಿನವಿತ್ತು.

ಸಂಜೆ ಅಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಮೇಷ್ಟ್ರು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಕಣ್ಣು ಅರಿಶಿನ ಕದಡಿದ ಹಾಗಿತ್ತು. ಮೈತುಂಬ ಕೆರೆತ. ಅಪ್ಪ ಒಂದು ಪದ್ಯವನ್ನು ಮೋಹನದಲ್ಲಿ ನಿಧಾನವಾಗಿ ಓದಿ ನಿಲ್ಲಿಸಿದರು.

"ಇದಕ್ಕೆ ಅರ್ಥ ಹೇಳಿ ಮೇಷ್ಟ್ರೇ."

"ನೀವೇ ಹೇಳ್ಕಳಿ ಸ್ವಾಮಿ. ಇವತ್ತು ನಾನು ಯಾವ ಪದ್ಯಕ್ಕೆ ಅರ್ಥ ಹೇಳಿದ್ರೂ ಕೆರೆತ ಅಂತ್ಲೇ ಬರೋದು."

"ಕೆರ್ಕಬ್ಯಾಡಿ ಅಪ್ಪಾಜಿ, ಡಾಕ್ಟ್ರು ಹೇಳವ್ರೆ" ಎಂದಳು ದಾಕ್ಷಾಯಿಣಿ, ಒಳಗಿನಿಂದ ಕಾಫಿ ತರುತ್ತ.

"ನೀನು ಬಸ್ಸಲ್ಲಿ ಹೇಳ್ತೀಯಲ್ಲ, ಮುಂದಕ್ಕೋಗಿ ಮುಂದಕ್ಕೋಗಿ ಅಂತ. ಕೆರೆತಕ್ಕೂ ಹೇಳು. ಹೋಗುತ್ತೇನೋ ನೋಡಾಣ."

ಅವಳು ನನ್ನ ಪಕ್ಕ ಕೂತಳು. "ವಸಕ್ಕ, ನನ್ ಲಿವರ್ ಪಾಸಾಯ್ತಂತಲ್ಲ. ಎಸ್ಸೆಲ್ಸಿ ಆದ್ಮೇಲೆ ನಾನು ಪಾಸಾಗಿದ್ದು ಇದೊಂದೇ. ಹೆಂಗಿರುತ್ತೆ ಅದು ಕೇಳೋಕೆ?"

"ನಾಳೆ ಬಾ, ಕೇಳಿಸ್ತೀನಿ."

"ಮಧ್ಯಾಹ್ನ ಒಂದು ಟ್ರಿಪ್ ಬಿಡುವೈತೆ. ಬತ್ತೀನಿ. ಮದ್ವೆಗೆ ಜಾತಕ ತೋರ್ಸು ಅಂದೋರಿಗೆಲ್ಲ ಇನ್ಮೇಲೆ ಅದನ್ನೇ ಹಾಕಿ ಕೇಳಿಸ್ಬೌದು."

ಮರುದಿನ ಟಿಕೆಟ್ ಯಂತ್ರವನ್ನು ಹೆಗಲಿಗೆ ಹಾಕಿಕೊಂಡೇ ಬಂದಳು. ಕಿವಿಗೆ ಹೆಡ್‌ಫೋನ್ ಕೊಟ್ಟು ಅವಳ ತುಣುಕನ್ನು ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ನಾಲ್ಕು ನಿಮಿಷವೂ ಕೇಳಿದಳು.

"ಮಳೆ ನಿಂತ್ಮೇಲೆ ತಗಡಿಂದ ಹನಿ ಬೀಳ್ತವಲ್ಲ, ಹಂಗೈತೆ. ನಮ್ಮಪ್ಪಂದೂ ಐತಾ?"

ಇತ್ತು. ರೋಗ ಗುರುತಿಸುವಾಗ ತೆಗೆದ ತುಣುಕಿನ ದಾಖಲೆ. ಅದನ್ನೂ ಹಾಕಿದೆ. ಅಲ್ಲೊಂದು ಇಲ್ಲೊಂದು ಕೋಶ, ತಡೆತಡೆದು ನುಡಿಯುವ ಸ್ವರ, ನಡುವೆ ಉದ್ದುದ್ದ ಮೌನ. ಅವಳ ಮುಖ ಸಣ್ಣಗಾಯಿತು.

"ಎರಡನ್ನೂ ಒಟ್ಟಿಗೆ ಹಾಕಿ ವಸಕ್ಕ. ಇಬ್ರೂ ಜೊತೆಗೆ ಆಗ್ತಾರಾ ನೋಡಾಣ."

ನನಗೆ ನಗು ಬಂತು. ಯಾರೂ ಹಾಗೆ ಕೇಳುವುದಿಲ್ಲ. ಇಬ್ಬರು ಗಮಕಿಗಳನ್ನು ಅಕ್ಕಪಕ್ಕ ಕೂರಿಸಿ ಬೇರೆಬೇರೆ ಶ್ರುತಿಯಲ್ಲಿ ಒಟ್ಟಿಗೆ ಓದಿಸಿದ ಹಾಗೆ ಅದು. ಒಟ್ಟಿಗೆ ಹಾಕಬೇಕಾದರೆ ಪೆಟ್ಟಿಗೆ ತಾನಾಗಿ ಶ್ರುತಿ ಹೊಂದಿಸಿಕೊಳ್ಳುವುದನ್ನು ನಿಲ್ಲಿಸಬೇಕು. ಆರು ವರ್ಷದಲ್ಲಿ ನಾನು ಆ ಗುಂಡಿಯನ್ನು ಮುಟ್ಟಿರಲಿಲ್ಲ. ಅವಳ ಸಮಾಧಾನಕ್ಕೆ ಮುಟ್ಟಿದೆ.

ಮೇಷ್ಟ್ರ ಷಡ್ಜ ಕೆಳಗೆ ತನ್ನ ಜಾಗದಲ್ಲಿತ್ತು. ದಾಕ್ಷಾಯಿಣಿಯದು ಅಲ್ಲಿರಲಿಲ್ಲ. ಮೇಲೆ ಮಧ್ಯಮದ ಹತ್ತಿರ, ಒಂದೂ ಕೋಶ ತಪ್ಪದೆ ಎಲ್ಲವೂ ಸಾಲಾಗಿ ಅಲ್ಲೇ ನಿಂತಿದ್ದವು.

"ಕೂಡ್ಲಿಲ್ಲ ಅಲ್ವಾ?" ಎಂದಳು.

"ಅದು ಹಾಗೆ ಕೂಡೋದಲ್ಲ ಬಿಡು. ಬಣ್ಣ ಹೆಚ್ಚು ಕುಡಿದಿದೆ ನಿಂದು."

ಅವಳು ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ನಾನು ಹೇಳಿದ ಕಾರಣ ನನಗೇ ಸಾಲಲಿಲ್ಲ. ಆ ವಾರದ ಬೇರೆ ಎಂಟು ತುಣುಕುಗಳನ್ನು ಶ್ರುತಿ ಬಿಚ್ಚಿ ಕೇಳಿದೆ. ಬಣ್ಣದ ವ್ಯತ್ಯಾಸಕ್ಕೆ ಅರ್ಧ ಸ್ವರ, ಒಂದು ಸ್ವರ ಆಚೀಚೆ ಇದ್ದವು. ಅಷ್ಟು ಎತ್ತರದಲ್ಲಿ ಯಾವುದೂ ಇರಲಿಲ್ಲ. ಭಯಕ್ಕಿಂತ ಮೊದಲು ನನಗಾದದ್ದು ಕುತೂಹಲ. ನಾನು ಎಂದೂ ಕೇಳದಿದ್ದ ಒಂದು ವಿಷಯ ಆ ಸದ್ದಿನಲ್ಲಿ ಇದ್ದೇ ಇತ್ತು. ನಾನೇ ಅದನ್ನು ಒರೆಸಿ ಹಾಕಿ ಉಳಿದದ್ದನ್ನು ಕೇಳುತ್ತಿದ್ದೆ.

ಕೇಂದ್ರದ ಮುಖ್ಯಸ್ಥೆ ಡಾ. ಮೆಹರುನ್ನೀಸಾ ಅವರ ಕೋಣೆಗೆ ಹೋದೆ. ಅವರು ಮಾತು ಕಡಿಮೆ. ಕೇಳಿಸಿದ್ದನ್ನು ಎರಡು ಸಲ ಕೇಳಿದರು.

"ಬಣ್ಣ ಹೆಚ್ಚಾಗಿರಬಹುದು."

"ಮೇಡಂ, ಅಷ್ಟೂ ಕೋಶಗಳು ಒಂದೇ ಅಳತೆಯಲ್ಲಿ ಕುಡಿದು ಒಂದೇ ಗೆರೆ ಮೇಲೆ ನಿಲ್ತವಾ?"

ಅವರು ಪೆನ್ನಿನಿಂದ ಮೇಜು ತಟ್ಟಿದರು. "ತಳ ಮತ್ತು ಕಟ್ಟೆ ಅಳೆಯೋಣ. ಅವಳ ತುಣುಕು ಇನ್ನೂ ಜೀವಂತ ಇದೆಯಲ್ಲ?"

"ಇದೆ. ಆದರೆ ಅಳೆದ ಮೇಲೆ ಇರೋದಿಲ್ಲ."

"ಗೊತ್ತು."

ತಳ ಮತ್ತು ಕಟ್ಟೆ ಎಂದರೆ ಇಷ್ಟೆ. ಕೋಶಗಳೊಳಗಿನ ಕ್ಯಾಲ್ಸಿಯಂ ಪೂರ್ತಿ ಹೀರಿದಾಗ ಮಿನುಗು ಎಷ್ಟು ಎಂದು ನೋಡುವುದು ತಳ. ಗೋಡೆ ಒಡೆದು ತುಂಬ ನುಗ್ಗಿಸಿದಾಗ ಎಷ್ಟು ಎಂದು ನೋಡುವುದು ಕಟ್ಟೆ. ಬಾವಿಯ ತಳ, ಕಟ್ಟೆ ಎರಡೂ ಗೊತ್ತಾದರೆ ನೀರು ಎಲ್ಲಿತ್ತೆಂದು ಸುಳ್ಳಿಲ್ಲದೆ ಹೇಳಬಹುದು, ಬಣ್ಣ ಎಷ್ಟೇ ಕುಡಿದಿರಲಿ. ತುಣುಕು ಸತ್ತುಹೋಗುತ್ತದೆಂದು ಯಾರೂ ಅದನ್ನು ಮಾಡುತ್ತಿರಲಿಲ್ಲ. ಆರೋಗ್ಯವಂತ ಯಕೃತ್ತಿನಲ್ಲಿ ಸುಮ್ಮನಿರುವಾಗಿನ ಮಟ್ಟ ಹತ್ತರಲ್ಲಿ ಒಂದು ಪಾಲು. ದಾಕ್ಷಾಯಿಣಿಯದು ಹತ್ತರಲ್ಲಿ ಮೂರು ಬಂತು. ನಾನು ಮತ್ತೆ ಲೆಕ್ಕ ಹಾಕಿದೆ. ಮೂರೇ ಬಂತು.

"ಎಕ್ಸ್" ಎಂದರು ಮೇಡಂ.

ಈ ವೈರಸ್ಸಿನ ಒಂದು ಪ್ರೋಟೀನಿಗೆ ಅದೇ ಹೆಸರು. ಕಂಡುಹಿಡಿದವರಿಗೆ ಅದು ಏನು ಮಾಡುತ್ತದೆಂದು ತಿಳಿಯದೆ ಎಕ್ಸ್ ಎಂದು ಬಿಟ್ಟರು. ಆಮೇಲೆ ಒಂದೊಂದಾಗಿ ತಿಳಿಯಿತು. ಅದು ಕೋಶದ ಶಕ್ತಿಮನೆಗಳಾದ ಮೈಟೊಕಾಂಡ್ರಿಯಗಳ ಬಳಿ ಕೂತು ಕ್ಯಾಲ್ಸಿಯಂ ಸದಾ ಸ್ವಲ್ಪಸ್ವಲ್ಪ ಜಿನುಗುವಂತೆ ಮಾಡುತ್ತದೆ. ಯಾರೂ ಕರೆಯದಿದ್ದರೂ ಕೋಶ ತನ್ನನ್ನು ಯಾರೋ ಕರೆಯುತ್ತಿದ್ದಾರೆಂದುಕೊಂಡು ಅರ್ಧ ಎಚ್ಚರದಲ್ಲಿರುತ್ತದೆ. ಆ ಅರ್ಧ ಎಚ್ಚರದಲ್ಲಿ ವೈರಸ್ಸು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಹತ್ತರಲ್ಲಿ ಎರಡೋ ಮೂರೋ ಕೋಶಗಳಿಗೆ ಸೋಂಕಿರುತ್ತದೆ, ಅವು ನೆರೆಯವರ ನಡುವೆ ಅಪಸ್ವರವಾಗಿ ಸಿಕ್ಕಿಬೀಳುತ್ತವೆ. ದಾಕ್ಷಾಯಿಣಿಗೆ ಎಲ್ಲ ಕೋಶಗಳಲ್ಲೂ ಇತ್ತು. ಊರಿಗೂರೇ ಒಂದೇ ಅಳತೆಯಲ್ಲಿ ಮೇಲೇರಿ ನಿಂತಿತ್ತು. ಆ ಎತ್ತರವನ್ನೇ ಷಡ್ಜವೆಂದು ನಾನು ಪೆಟ್ಟಿಗೆಗೆ ಹೇಳಿಕೊಟ್ಟಿದ್ದೆ. ಅದರ ಮೇಲೆ ಎಲ್ಲವೂ ಶುದ್ಧವಾಗಿಯೇ ಕೇಳುತ್ತಿತ್ತು.

"ಈ ಲಿವರ್ ಮೇಷ್ಟ್ರಿಗೆ ಹಾಕಿದ್ದರೆ?"

"ಕಸಿ ಆದ ಮೇಲೆ ರೋಗನಿರೋಧ ತಗ್ಗಿಸೋ ಔಷಧಿ ಕೊಡ್ತೀವಿ. ವೈರಸ್ಸಿಗೆ ಅಡ್ಡಿ ಇರೋಲ್ಲ. ನಾಲ್ಕು ತಿಂಗಳು, ಐದು ತಿಂಗಳು." ಅವರು ಕಡತಗಳ ಪರದೆ ತೆರೆದರು. ಆರು ವರ್ಷದಲ್ಲಿ ಎಲ್ಲ ಕೇಂದ್ರಗಳೂ ಸೇರಿ ಶುದ್ಧ ಎಂದು ಕಳಿಸಿದ ಯಕೃತ್ತುಗಳಲ್ಲಿ ಹನ್ನೊಂದು, ನಾಲ್ಕೈದು ತಿಂಗಳಿಗೆ ಸೋತಿದ್ದವು. ಪಡೆದವರು ಉಳಿದಿರಲಿಲ್ಲ. ಕಾರಣದ ಜಾಗದಲ್ಲಿ 'ದೇಹ ಒಪ್ಪಲಿಲ್ಲ' ಎಂದು ಬರೆದಿತ್ತು. ಹನ್ನೊಂದರ ಮೂಲ ದಾಖಲೆಗಳನ್ನೂ ಶ್ರುತಿ ಬಿಚ್ಚಿ ಕೇಳಿದೆವು. ಹನ್ನೊಂದೂ ಮೇಲೆ ನಿಂತಿದ್ದವು. ಅವುಗಳಲ್ಲಿ ನಾಲ್ಕರ ಕೆಳಗೆ ನನ್ನ ಸಹಿಯಿತ್ತು.

ಮನೆಗೆ ಬಂದಾಗ ಅಪ್ಪ ಹಜಾರದಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ನಾನೂ ಎದುರು ಕೂತು ಹಿದುಕುತ್ತ ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ಶ್ರುತಿ ಓದುವವರದು ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು" ಎಂದೆ. ತಪ್ಪನ್ನು ಅವರ ಮೇಲೆ ಹಾಕುವ ಆಸೆಯೂ ಒಂದಿಷ್ಟು ಇತ್ತೆನ್ನಬೇಕು.

"ಹೇಳಿಕೊಟ್ಟೆ. ಯಾಕೆ ಹೇಳಿದೆ? ಕೇಳೋಕೆ ಬಂದೋರು ಅಳೆಯೋಕೆ ಬಂದೋರಲ್ಲ ಅಂತ. ನೀನು ಕೂತಿರೋದು ಅಳೆಯೋಕೆ." ಒಂದು ಕಾಳು ಜಾರಿ ಹೋಯಿತು, ಹುಡುಕಿ ತೆಗೆದರು. "ನಾನು ಅಂಚೆ ಆಫೀಸಲ್ಲಿ ಮೂವತ್ನಾಲ್ಕು ವರ್ಷ ತಕ್ಕಡಿ ಹಿಡಿದೆ. ಪಾರ್ಸೆಲ್ ತಂದೋರೇ ತಂದ ತೂಕದ ಕಲ್ಲು ಹಾಕಿ ಯಾವತ್ತಾದ್ರೂ ತೂಗಿದ್ನಾ?"

ನಾನು ಕೈಯಲ್ಲಿದ್ದ ಕಾಳನ್ನು ಹಿದುಕಿ ಪಾತ್ರೆಗೆ ಹಾಕಿದೆ.

"ಮೇಷ್ಟ್ರಿಗೆ ಹೇಳಿದ್ಯಾ?"

"ಇಲ್ಲ."

"ಏಳು. ಇದನ್ನ ನಾನು ಹಿದುಕ್ತೀನಿ."

ಮೇಷ್ಟ್ರ ಮನೆಯಲ್ಲಿ ನಾನು ನಿಂತುಕೊಂಡೇ ಹೇಳಿದೆ. ದಾಕ್ಷಾಯಿಣಿ ಆಸ್ಪತ್ರೆಗೆಂದು ಬಟ್ಟೆ ಜೋಡಿಸುತ್ತಿದ್ದವಳು ಮಡಚಿದ್ದ ಸೀರೆಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

"ಹಂಗಾದ್ರೆ ನೀವು ಪಾಸ್ ಮಾಡಿದ್ದು ಸುಳ್ಳು."

"ಸುಳ್ಳು."

"ನಾನು ಆಟಕ್ಕೆ ಒಟ್ಟಿಗೆ ಹಾಕಿ ಅಂದೆ. ಅನ್ದೇ ಇದ್ದಿದ್ರೆ ನನ್ ಕೈಯಾರೆ ಅಪ್ಪಾಜಿಗೆ ವಿಷ ಕೊಡ್ತಿದ್ದೆ. ನೀವು ಸಂಬಳ ತಗಳೋದು ಏತಕ್ಕೆ ವಸಕ್ಕ?"



"ಸಾಕು ಮಗಾ" ಎಂದರು ಮೇಷ್ಟ್ರು. "ಬಂದು ಹೇಳವ್ಳೆ. ಹೇಳ್ದೆ ಇರಬೌದಾಗಿತ್ತು." ನನ್ನ ಕಡೆ ತಿರುಗಿದರು. ಹಳದಿ ಕಣ್ಣಿನಲ್ಲಿ ಹಳೆಯ ವ್ಯಾಖ್ಯಾನದ ಹೊಳಪು ಬಂದಿತ್ತು. "ಆ ಎಕ್ಸು ಮಾಡೋದೇನು, ಇನ್ನೊಂದ್ ಸಲ ಹೇಳು. ಕೋಶಾನ ಕೊಲ್ಲಲ್ವಾ?"

"ಕೊಲ್ಲಲ್ಲ ಮೇಷ್ಟ್ರೇ. ಸದಾ ಕರೆ ಬರ್ತಾನೇ ಇದೆ ಅನ್ನಿಸುತ್ತೆ, ಅಷ್ಟೇ."

ಅವರು ಸ್ವಲ್ಪ ಹೊತ್ತು ತೊಡೆ ಕೆರೆದುಕೊಳ್ಳುತ್ತ ಯೋಚಿಸಿದರು. "ಜಾಣ ಶತ್ರು. ಊರು ಹಾಳು ಮಾಡ್ಬೇಕು ಅಂದ್ರೆ ಡಂಗುರದವನನ್ನ ಕಡೀಬೇಕಾಗಿಲ್ಲ ಸ್ವಾಮಿ. ಬೆಳಗಿಂದ ಬೈಗಿನ ತನಕ ಸಣ್ಣಗೆ ಡಂಗುರ ಹೊಡಿಸ್ತಾ ಇದ್ರೆ ಸಾಕು. ನಿಜವಾಗ್ಲೂ ಬೆಂಕಿ ಬಿದ್ದಾಗ ಹೊಡೆದ್ರೆ ಒಬ್ನೂ ಹೊರಕ್ಕೆ ಬರಾದಿಲ್ಲ." ಅಪ್ಪ ಅಲ್ಲಿರಲಿಲ್ಲ. ಆದರೂ ಅಭ್ಯಾಸಬಲದಿಂದ 'ಸ್ವಾಮಿ' ಎಂದಿದ್ದರು. ಮೂರು ತಿಂಗಳ ಮೇಲೆ ಅವರು ಹೇಳಿದ ಮೊದಲ ಅರ್ಥ ಅದು. "ಡಂಗುರ ನಿಲ್ಲಿಸಾಕೆ ಮದ್ದೈತಾ?"

ಇತ್ತು. ಎಕ್ಸ್ ಪ್ರೋಟೀನನ್ನು ಕೋಶವೇ ಗುರುತಿಸಿ ಒಡೆದುಹಾಕುವಂತೆ ಮಾಡುವ ಮಾತ್ರೆ, ದಿನಕ್ಕೊಂದು. ವೈರಸ್ಸು ಪೂರ್ತಿ ಹೋಗುವುದಿಲ್ಲ, ತಲೆಯೆತ್ತದ ಹಾಗೆ ಉಳಿಯುತ್ತದೆ. ಕೊಡುವವಳ ಯಕೃತ್ತಿನ ಮಟ್ಟ ಹತ್ತರಲ್ಲಿ ಒಂದರ ಹತ್ತಿರ ಇಳಿದರೆ ಕಸಿ ಮಾಡಬಹುದು, ಪಡೆದವರೂ ಜೀವಮಾನವೆಲ್ಲ ಮಾತ್ರೆ ನುಂಗಬೇಕು. ಇಳಿಯುವುದಕ್ಕೆ ಆರು ವಾರವಾದರೂ ಬೇಕು.

"ಅಪ್ಪಾಜಿಗೆ ಆರು ವಾರ ಐತಾ?" ಎಂದಳು ದಾಕ್ಷಾಯಿಣಿ.

"ಮೇಡಂ ಇರಬಹುದು ಅಂತಾರೆ."

"ಇರಬೌದು" ಎಂದರು ಮೇಷ್ಟ್ರು. "ಇವತ್ತಿನ ಮಟ್ಟಿಗೆ ಇಷ್ಟು ಅರ್ಥ ಆದ್ರೆ ಸಾಕು. ಮಾತ್ರೆ ತರ್ಸು."

ವಾರಕ್ಕೊಂದು ಸಲ ದಾಕ್ಷಾಯಿಣಿಯ ಹೊಟ್ಟೆಗೆ ಸೂಜಿ ಹಾಕಿ ತುಣುಕು ತಂದರು. ಪ್ರತಿ ಸಲವೂ ಮೊದಲು ಒಂದು ಪಾಲನ್ನು ತಳ ಮತ್ತು ಕಟ್ಟೆಗೆ ಕೊಟ್ಟು, ಅಂಕಿ ಬರೆದ ಮೇಲೆ ಉಳಿದ ಪಾಲನ್ನು ಕೇಳಿದೆ. ಮೂರಿದ್ದದ್ದು ಮೊದಲ ವಾರ ಮೂರೇ ಇತ್ತು. ಎರಡನೇ ವಾರವೂ. ಮೂರನೇ ವಾರ ಎರಡೂ ಮುಕ್ಕಾಲು. ಅಷ್ಟರಲ್ಲಿ ಮೇಷ್ಟ್ರ ಹೊಟ್ಟೆಯಲ್ಲಿ ನೀರು ತುಂಬಿ ಎರಡು ಸಲ ತೆಗೆಸಬೇಕಾಯಿತು. ದಾಕ್ಷಾಯಿಣಿ ರಜೆ ಹಾಕಿ ಮನೆಯಲ್ಲಿದ್ದಳು. ನನ್ನೊಡನೆ ಬೇಕಾದಷ್ಟೇ ಮಾತು. ಎಷ್ಟು? ಇಷ್ಟು. ಸರಿ.

ನಾಲ್ಕನೇ ವಾರ ಒಂದು ವಿಚಿತ್ರ ಕೇಳಿಸಿತು. ಎಲ್ಲವೂ ಒಂದೇ ಗೆರೆಯಲ್ಲಿದ್ದ ಕೋಶಗಳು ಚದುರಿದ್ದವು. ಕೆಲವು ಕೆಳಗಿಳಿದಿದ್ದವು, ಕೆಲವು ಮೇಲೇ ಇದ್ದವು. ಆರು ವರ್ಷ ನಾನು ಯಾವುದನ್ನು ರೋಗವೆಂದು ತಿರಸ್ಕರಿಸುತ್ತಿದ್ದೆನೋ ಆ ಅಪಸ್ವರ ಈಗ ಗುಣವಾಗುತ್ತಿರುವ ಲಕ್ಷಣವಾಗಿತ್ತು. ಮೊದಲಿನ ಸೊಗಸಾದ ಏಕಶ್ರುತಿಯೇ ರೋಗವಾಗಿತ್ತು. ಮೇಡಂಗೆ ಕೇಳಿಸಿದಾಗ ಅವರು ಮೊದಲ ಬಾರಿ ನಕ್ಕರು. "ಇದನ್ನು ಹಳೇ ಕ್ರಮದಲ್ಲಿ ಕೇಳಿದ್ದರೆ ಫೇಲ್ ಮಾಡ್ತಿದ್ರಿ."

"ಹೌದು ಮೇಡಂ."

"ಆ ಕ್ರಮವನ್ನು ಆವತ್ತೇ ಫೋನಲ್ಲಿ ಎಲ್ಲ ಕಡೆ ನಿಲ್ಲಿಸಿದೀನಿ. ಕೈಪಿಡಿಯಲ್ಲಿ ಇನ್ನೂ ನಿಮ್ಮ ಹೆಸರಿದೆ. ತೆಗೆಯೋ ಕಾಗದವನ್ನೂ ನೀವೇ ಬರೀರಿ."

ಬರೆದೆ. ನಾಲ್ಕು ಸಾಲು. ಎಲ್ಲ ಕೇಂದ್ರಗಳಿಗೂ ಹೋಯಿತು.

ಐದನೇ ವಾರದ ಕೊನೆಗೆ ಮೇಷ್ಟ್ರಿಗೆ ಮಂಪರು ಶುರುವಾಯಿತು. ಒಮ್ಮೆ ಮಗಳನ್ನು ತೀರಿಹೋದ ಹೆಂಡತಿಯ ಹೆಸರಿನಿಂದ ಕರೆದರು. ಇನ್ನು ಕಾಯುವಂತಿಲ್ಲ ಎಂದರು ದೊಡ್ಡಾಸ್ಪತ್ರೆಯವರು. ಆ ದಿನದ ಅಂಕಿ ಹತ್ತರಲ್ಲಿ ಒಂದೂವರೆ.

"ನಿಮ್ಮ ಕಿವಿ ಏನು ಹೇಳುತ್ತೆ?" ಎಂದು ಮೇಡಂ ಕೇಳಿದರು.

"ಕಿವಿ ಬೇಡ ಮೇಡಂ. ಒಂದೂವರೆ ಅಂತ ಬರೀತೀನಿ. ಒಂದೂವರೆಯಲ್ಲಿ ಕಸಿ ಮಾಡಿದ ಉದಾಹರಣೆ ನಮ್ಮಲ್ಲಿ ಇಲ್ಲ ಅಂತಾನೂ ಬರೀತೀನಿ."

ಅದನ್ನೇ ದಾಕ್ಷಾಯಿಣಿಗೂ ಓದಿ ಹೇಳಿದೆ. ಶುದ್ಧ ಎಂಬ ಪದ ಅದರಲ್ಲಿರಲಿಲ್ಲ. ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ತಾನೂ ಒಂದು ಸಲ ಓದಿದಳು. ಮೇಷ್ಟ್ರು ಎಚ್ಚರವಿದ್ದ ಅರ್ಧ ಗಂಟೆಯಲ್ಲಿ ಅವರಿಗೂ ಹೇಳಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ, ತಮ್ಮ ಬಗ್ಗೆ ಅಲ್ಲ. "ಅರ್ಧ ತೆಗೆದ್ರೆ ಉಳಿದರ್ಧ ಇವಳಲ್ಲಿ ಬೆಳೀತದಾ?"

"ಬೆಳೆಯುತ್ತೆ ಮೇಷ್ಟ್ರೇ. ಡಂಗುರ ಇಳಿದಿದೆ. ಈಗ ಕರೆದ್ರೆ ಓಗೊಡುತ್ತೆ."

"ಹಂಗಾದ್ರೆ ಸೈ."

ಹನ್ನೊಂದು ಗಂಟೆ ನಡೆಯಿತು ಶಸ್ತ್ರಚಿಕಿತ್ಸೆ. ಒಂಬತ್ತನೇ ದಿನ ಅವರ ಕಣ್ಣಿನ ಹಳದಿ ತಿಳಿಯಾಯಿತು. ನಾಲ್ಕು ತಿಂಗಳು ದಾಟಿತು. ಐದು ದಾಟಿತು. ಪ್ರತಿ ತಿಂಗಳೂ ಅವರ ಅಂಕಿ ನೋಡಿದೆ, ಒಂದರ ಆಸುಪಾಸಿಗೆ ಇಳಿದು ಅಲ್ಲೇ ಇತ್ತು. ಆರನೇ ತಿಂಗಳು ಮೇಷ್ಟ್ರು ನಮ್ಮ ಮನೆಗೆ ಬಂದು ಅಪ್ಪನ ಓದಿಗೆ ಅರ್ಥ ಹೇಳಿದರು. ಒಂದು ಪದ್ಯಕ್ಕೆ ಮುಕ್ಕಾಲು ಗಂಟೆ. ಅಪ್ಪನಿಗೆ ಕೂತಲ್ಲೇ ನಿದ್ದೆ ಬಂತು.

ಅಷ್ಟು ಹೊತ್ತಿಗೆ ಹನ್ನೊಂದು ಮನೆಗಳಿಗೆ ಕೇಂದ್ರದಿಂದ ಕಾಗದ ಹೋಗಿ ಬಹಳ ದಿನವಾಗಿತ್ತು. 'ದಾನಿಗಳು ಮರುಪರೀಕ್ಷೆಗೆ ಹಾಜರಾಗಲು ಕೋರಿದೆ.' ಯಾರೂ ಬರಲಿಲ್ಲ. ಸತ್ತವರ ವಿಷಯಕ್ಕೆ ಬರುವ ಕಾಗದವನ್ನು ಯಾರು ಬಿಡಿಸಿ ಓದುತ್ತಾರೆ? ನನ್ನ ಸಹಿಯಿದ್ದ ನಾಲ್ಕು ಮನೆಗಳಿಗಾದರೂ ನಾನೇ ಹೋಗುತ್ತೇನೆಂದು ಮೇಡಂಗೆ ಹೇಳಿದೆ. ದಾಕ್ಷಾಯಿಣಿಗೆ ಹೇಗೋ ಗೊತ್ತಾಯಿತು.

"ನೀವೊಬ್ರೇ ಹೋಗಿ ಏನಂತೀರ? ಪುಸ್ತಕ ಓದ್ದಂಗೆ ಹೇಳ್ತೀರ, ಅವ್ರು ಬಾಗ್ಲು ಹಾಕ್ಕಂತಾರೆ. ನಾನೂ ಬತ್ತೀನಿ." ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೂ ಬಂದಳು.

ಮೊದಲ ಮನೆ ಅರಸೀಕೆರೆ ದಾರಿಯ ಒಂದು ಹಳ್ಳಿಯಲ್ಲಿ. ಪುಟ್ಟಲಿಂಗಮ್ಮ ಎಂಬಾಕೆ ಅಂಗಳದಲ್ಲಿ ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದಳು. ಮೂರು ವರ್ಷದ ಹಿಂದೆ ಅವಳ ಗಂಡನಿಗೆ ಕಸಿಯಾಗಿತ್ತು. ಯಕೃತ್ತು ಕೊಟ್ಟವನು ಅವಳ ಒಡಹುಟ್ಟಿದ ತಮ್ಮ, ರುದ್ರೇಶ. ಅದೇ ಊರಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದ. ನಾನು ಚಾಪೆಯ ಮೇಲೆ ಕೂತು, ಮೊದಲಿಂದ, ಏನೂ ಬಿಡದೆ ಹೇಳಿದೆ. ಅವಳು ನಾರು ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು.

"ಆವತ್ತು ಕೇಳಿ ಒಳ್ಳೇದೈತೆ ಅಂದೋರು ನೀವೇನಾ?"

"ನಾನೇ."

ಅವಳು ನಾರಿನ ಗುಡ್ಡೆಯನ್ನು ಪಕ್ಕಕ್ಕೆ ಸರಿಸಿದಳು. ಹಟ್ಟಿಯಲ್ಲಿ ಕುರಿ ಕೂಗಿತು.

"ಊರೋರೆಲ್ಲ ಅಂದ್ರು, ಹೆಂಡ್ತಿ ಕಡೆಯೋರದ್ದು ಗಂಡನ ಮೈಗೆ ಹಿಡೀಲಿಲ್ಲ ಅಂತ. ನನ್ ತಮ್ಮ ಮೂರ್ ವರ್ಷದಿಂದ ಈ ಹೊಸ್ತಿಲು ತುಳಿದಿಲ್ಲ. ತನ್ದೇ ತಪ್ಪು ಅನ್ಕಂಡವನೆ."

"ಅವರದಲ್ಲ, ನನ್ನದು" ಎಂದೆ.

"ನೀವು ಈಗ ಬಂದಿರಾದು ಸತ್ತೋರಿಗಲ್ಲ, ಇರೋರಿಗೆ ಅನ್ನಿ." ಅವಳು ನಿಧಾನವಾಗಿ ಲೆಕ್ಕ ಜೋಡಿಸುತ್ತಿದ್ದಳು. "ತಾಯಿಂದ ಬರೋದು ಅಂದ್ರಲ್ಲ. ಅವ್ನಿಗೆ ನಮ್ಮವ್ವನಿಂದ ಬಂದಿದ್ರೆ, ನಾನೂ ಅದೇ ಹೊಟ್ಟೇಲಿ ಹುಟ್ಟಿದೋಳು."

ಅದನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದಿದ್ದೆ. ಹೇಳುವ ಕೆಲಸವನ್ನು ಅವಳೇ ಮುಗಿಸಿದ್ದಳು.

"ಇರಬಹುದು" ಎಂದೆ. "ನೋಡಿದರೆ ಗೊತ್ತಾಗುತ್ತೆ."

ದಾಕ್ಷಾಯಿಣಿ ಮುಂದಕ್ಕೆ ಸರಿದಳು. "ನಂಗೂ ಐತೆ ಕಣಕ್ಕ. ನಮ್ಮಮ್ಮನಿಂದ ಬಂದಿದ್ದು. ದಿನಕ್ಕೊಂದು ಮಾತ್ರೆ ಅಷ್ಟೇ. ಅರ್ಧ ಲಿವರ್ ಕೊಟ್ಟು ಆರು ತಿಂಗ್ಳಾಯ್ತು, ನೋಡು, ಹೆಂಗಿವ್ನಿ."

ಪುಟ್ಟಲಿಂಗಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೈಗೆ ಅಂಟಿದ್ದ ಹುಣಸೆ ನಾರನ್ನು ಒರೆಸಿಕೊಂಡು ಎದ್ದು, ಬೇಲಿಯ ಹತ್ತಿರ ಹೋಗಿ ನಿಂತು, ಮೂರು ಮನೆಯಾಚೆ ಕೇಳುವ ಹಾಗೆ ಕೂಗಿದಳು.

"ಲೋ ರುದ್ರೇಶಾ. ಕೆಲ್ಸ ಬಿಟ್ಟು ಬಾರೋ ಇಲ್ಲಿ. ನಾನು ಕರೀತಾ ಇವ್ನಿ."

ಆಚೆಯಿಂದ ಕರಣಿಯ ಸದ್ದು ನಿಂತಿತು. ಉತ್ತರ ಬರಲು ತುಸು ಹೊತ್ತು ಹಿಡಿಯಿತು. ಆಮೇಲೆ ಮೈಯೆಲ್ಲ ಸಿಮೆಂಟಿನ ಒಬ್ಬ ಮನುಷ್ಯ ಬಂದು ಬೇಲಿಯ ಹೊರಗೇ ನಿಂತ.

"ಒಳಕ್ಕೆ ಬಾ" ಎಂದಳು ಅಕ್ಕ. ನಮ್ಮ ಕಡೆ ತಿರುಗಿ, "ತಿಪಟೂರಿಗೆ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ?" ಎಂದಳು.

"ಏಳೂ ಹತ್ತು" ಎಂದಳು ದಾಕ್ಷಾಯಿಣಿ. "ನಾಳೆಯಿಂದ ಅದ್ರಲ್ಲಿ ನಾನೇ ಇರಾದು. ಮುಂದ್ಗಡೆ ಎರಡು ಸೀಟು ಹಿಡಿದಿರ್ತೀನಿ."